ನಿನ್ನೆಯ ಕ್ರಿಯಾಟಿನಿನ್ ಎಷ್ಟಿತ್ತು?

ಕಿಡ್ನಿಯ ರಕ್ತಪರೀಕ್ಷೆಗಳನ್ನು ತುರ್ತು ವಾರ್ಡಿನಲ್ಲಿ ಓದುವ ಬಗೆ: ಕೇರಳದ ಆಸ್ಪತ್ರೆಗಳ ಅನುಭವದಿಂದ ನರ್ಸ್‌ಗಳಿಗೂ ರೋಗಿಯ ಮನೆಯವರಿಗೂ ಒಂದು ಕೈಪಿಡಿ

2018ರ ಆಗಸ್ಟ್‌ನಲ್ಲಿ ಕೇರಳವನ್ನು ಮುಳುಗಿಸಿದ ನೆರೆ ಇಳಿಯುತ್ತಿದ್ದಂತೆ ಆಸ್ಪತ್ರೆಗಳಿಗೆ ಜ್ವರದ ರೋಗಿಗಳು ಬರತೊಡಗಿದರು. ಮನೆಯೊಳಗಿನ ಕೆಸರು ಎತ್ತಿದವರು, ಪರಿಹಾರ ಕೆಲಸಕ್ಕೆ ನೀರಿಗಿಳಿದವರು ಅವರಲ್ಲಿದ್ದರು. ಮಲಯಾಳಿಗಳು ಎಲಿಪ್ಪನಿ ಎಂದೂ ಕನ್ನಡಿಗರು ಇಲಿಜ್ವರ ಎಂದೂ ಕರೆಯುವ ಲೆಪ್ಟೊಸ್ಪೈರೋಸಿಸ್ ಅದು. ಇಲಿ, ದನ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಸೇರುವ ಸೋಂಕು. ನೀರಿನಲ್ಲಿ ಓಡಾಡಿದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ನುಂಗಲು ಆರೋಗ್ಯ ಇಲಾಖೆ ರಾಜ್ಯದುದ್ದಕ್ಕೂ ಮಾತ್ರೆ ಹಂಚಿತು.

ಈ ಜ್ವರ ಕಿಡ್ನಿಯನ್ನು ಹಿಡಿದಾಗ ಬರುವ ರಿಪೋರ್ಟ್, ನರ್ಸಿಂಗ್ ಓದುವಾಗ ಬಾಯಿಪಾಠ ಮಾಡಿದ್ದಕ್ಕೆ ತಾಳೆಯಾಗುವುದಿಲ್ಲ. ಕಿಡ್ನಿ ಸೋತರೆ ಮೂತ್ರ ಕಡಿಮೆಯಾಗುತ್ತದೆ, ಪೊಟ್ಯಾಸಿಯಂ ಏರುತ್ತದೆ ಎಂಬುದು ಪಾಠ. ಇಲಿಜ್ವರದಲ್ಲಿ ಕ್ರಿಯಾಟಿನಿನ್ 4 ದಾಟಿದರೂ ಎಷ್ಟೋ ರೋಗಿಗಳಿಗೆ ಮೂತ್ರ ಚೆನ್ನಾಗಿಯೇ ಹೋಗುತ್ತಿರುತ್ತದೆ. ಪೊಟ್ಯಾಸಿಯಂ 3ರ ಆಸುಪಾಸಿಗೆ ಇಳಿದಿರುತ್ತದೆ. ರೋಗಾಣು ಕಿಡ್ನಿಯ ಸೂಕ್ಷ್ಮ ನಾಳಗಳನ್ನು ಕೆಡಿಸುವುದರಿಂದ, ರಕ್ತಕ್ಕೆ ಮರಳಬೇಕಾದ ಸೋಡಿಯಂ ಮರಳದೆ ಪೊಟ್ಯಾಸಿಯಂ ಅನ್ನೂ ಎಳೆದುಕೊಂಡು ಮೂತ್ರದಲ್ಲಿ ಹೊರಟುಹೋಗುತ್ತದೆ. ಮೂತ್ರ ಬರುತ್ತಿದೆಯಲ್ಲ ಎಂದು ಸಮಾಧಾನಪಟ್ಟರೂ ತಪ್ಪು, ಕಿಡ್ನಿ ರೋಗಿ ಎಂದು ಪೊಟ್ಯಾಸಿಯಂ ಕಡಿತಗೊಳಿಸಿದರೂ ತಪ್ಪು.

ಹಾಗಾಗಿ ತುರ್ತು ವಾರ್ಡಿನಲ್ಲಿ ರಿಪೋರ್ಟ್ ಓದುವಾಗ ಮೂರನ್ನು ಒಟ್ಟಿಗೆ ನೋಡಬೇಕಾಗುತ್ತದೆ: ಇವತ್ತಿನ ಸಂಖ್ಯೆ, ಹಿಂದಿನ ಸಂಖ್ಯೆ, ಮತ್ತು ಮಂಚದ ಮೇಲಿರುವ ರೋಗಿ. ಈ ಮೂರೂ ಒಂದೇ ಹೊತ್ತಿಗೆ ಕಣ್ಣೆದುರಿಗೆ ಇರುವುದು ಹೆಚ್ಚಾಗಿ ನರ್ಸ್‌ಗೆ. ರೌಂಡ್ಸ್‌ಗೆ ಬರುವ ವೈದ್ಯರು ನೋಡುವುದು ಕೆಲವು ನಿಮಿಷ. ಪಾಳಿಯಲ್ಲಿರುವ ನರ್ಸ್ ನೋಡುವುದು ಗಂಟೆಗಟ್ಟಲೆ.

ಕೆಂಪು ಗುರುತಿಲ್ಲದ ಅಪಾಯ

ಕ್ರಿಯಾಟಿನಿನ್ ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗುವ ತ್ಯಾಜ್ಯ. ವಯಸ್ಕರಲ್ಲಿ ಅದರ ಸಾಮಾನ್ಯ ಮಟ್ಟ ಡೆಸಿಲೀಟರಿಗೆ 0.6ರಿಂದ 1.3 ಮಿಲಿಗ್ರಾಂ ಎಂದು ಬಹುತೇಕ ಲ್ಯಾಬ್‌ಗಳು ಅಚ್ಚು ಹಾಕುತ್ತವೆ. ಅಪಾಯ ಅಡಗಿರುವುದು ಈ ಸಾಲಿನಲ್ಲೇ. ಸೋಮವಾರ 0.8 ಇದ್ದ ರೋಗಿಗೆ ಮಂಗಳವಾರ 1.2 ಬಂದರೆ ಲ್ಯಾಬಿನ ಕಂಪ್ಯೂಟರ್ ಯಾವ ಗುರುತನ್ನೂ ಹಾಕುವುದಿಲ್ಲ, ಎರಡೂ ಸಾಮಾನ್ಯ ಮಟ್ಟದೊಳಗೇ ಇವೆ. ಆದರೆ 2012ರ ಕೆಡಿಗೋ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 48 ಗಂಟೆಯೊಳಗೆ 0.3 ಮಿಲಿಗ್ರಾಂ ಏರಿದರೆ, ಅಥವಾ ಏಳು ದಿನದೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಅದು ಕಿಡ್ನಿಗೆ ಬಿದ್ದ ತೀವ್ರ ಪೆಟ್ಟು. ಈ ರೋಗಿಗೆ ಎರಡೂ ಆಗಿವೆ. ಎರಡು ಪಟ್ಟಾದರೆ ಎರಡನೇ ಹಂತ. ಮೂರು ಪಟ್ಟಾದರೆ, ಅಥವಾ ಹೀಗೆ ಏರುತ್ತಾ 4.0 ಮುಟ್ಟಿದರೆ ಮೂರನೇ ಹಂತ.

ಒಂದೇ ಸಂಖ್ಯೆ ಇಬ್ಬರಲ್ಲಿ ಎರಡು ಬೇರೆ ಸ್ಥಿತಿಯನ್ನು ಹೇಳುತ್ತದೆ. 25 ವರ್ಷದ ಯುವಕನಿಗೂ 75 ವರ್ಷದ ಅಜ್ಜಿಗೂ ಕ್ರಿಯಾಟಿನಿನ್ 1.1 ಇದೆ ಎಂದುಕೊಳ್ಳಿ. 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿದರೆ ಯುವಕನ ಕಿಡ್ನಿಗಳ ಸೋಸುವ ವೇಗ, ಅಂದರೆ ಇಜಿಎಫ್‌ಆರ್, ಸುಮಾರು 95 ಬರುತ್ತದೆ. ಅಜ್ಜಿಯದು 52ರ ಹತ್ತಿರ. ಸ್ನಾಯು ಕರಗಿದ ದೇಹದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಹಾಸಿಗೆ ಹಿಡಿದವರು, ಕಾಲು ಕಳೆದುಕೊಂಡವರು, ತೀರಾ ಬಡಕಲಾದವರು, ಲಿವರ್ ಕಾಯಿಲೆಯವರು — ಇವರ ರಿಪೋರ್ಟ್ ಚೆನ್ನಾಗಿ ಕಂಡಾಗಲೇ ಎಚ್ಚರ ಹೆಚ್ಚು ಬೇಕು.

ಇಜಿಎಫ್‌ಆರ್ ಬಗ್ಗೆಯೂ ಒಂದು ಎಚ್ಚರಿಕೆ ಇದೆ. ಕ್ರಿಯಾಟಿನಿನ್ ಒಂದೇ ಮಟ್ಟದಲ್ಲಿ ನಿಂತಿದ್ದಾಗ ಮಾತ್ರ ಆ ಲೆಕ್ಕ ಸರಿ. ಕೆರೆಯ ತೂಬು ಮುಚ್ಚಿದ ಗಳಿಗೆಗೇ ನೀರು ಏರಿಯ ಮಟ್ಟಕ್ಕೆ ಬರುವುದಿಲ್ಲವಲ್ಲ, ಹಾಗೆಯೇ ಕಿಡ್ನಿ ಕೆಲಸ ನಿಲ್ಲಿಸಿದ ಮೊದಲ ಗಂಟೆಗಳಲ್ಲಿ ಕ್ರಿಯಾಟಿನಿನ್ ಇನ್ನೂ 1.0 ಎಂದೇ ತೋರಿಸಬಹುದು. ಏರಿದ್ದು ಕಾಣಲು 24ರಿಂದ 48 ಗಂಟೆ ಬೇಕಾಗಬಹುದು. ಐಸಿಯುನಲ್ಲಿ ಸಂಖ್ಯೆ ದಿನದಿನಕ್ಕೆ ಬದಲಾಗುತ್ತಿರುವಾಗ ರಿಪೋರ್ಟಿನ ಅಡಿಯಲ್ಲಿ ಅಚ್ಚಾದ ಇಜಿಎಫ್‌ಆರ್ ನಂಬಿ ಔಷಧದ ಪ್ರಮಾಣ ನಿರ್ಧರಿಸಲಾಗದು.

ಪರೀಕ್ಷೆಯ ವಿಧಾನಕ್ಕೂ ಮಿತಿಗಳಿವೆ. 1886ರಲ್ಲಿ ಮ್ಯಾಕ್ಸ್ ಯಾಫೆ ಗುರುತಿಸಿದ ಬಣ್ಣದ ಪ್ರತಿಕ್ರಿಯೆಯನ್ನೇ ಇವತ್ತಿಗೂ ಅನೇಕ ಲ್ಯಾಬ್‌ಗಳು ಬಳಸುತ್ತವೆ. ಮಧುಮೇಹ ವಿಪರೀತಕ್ಕೆ ಹೋಗಿ ರಕ್ತದಲ್ಲಿ ಕೀಟೋನ್ ತುಂಬಿದಾಗ ಈ ವಿಧಾನ ಕ್ರಿಯಾಟಿನಿನ್ ಅನ್ನು ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು. ಕಾಮಾಲೆಯಲ್ಲಿ ಬಿಲಿರುಬಿನ್ ಬಹಳ ಏರಿದ್ದರೆ ಕಡಿಮೆ ತೋರಿಸಬಹುದು. ಕಣ್ಣು ಹಳದಿಯಾದ ಇಲಿಜ್ವರದ ರೋಗಿಯ ವಿಷಯದಲ್ಲಿ ಇದು ನೆನಪಿರಬೇಕಾದ ಸಂಗತಿ.

ಯೂರಿಯಾ ಎಂದರೆ ಯಾವ ಯೂರಿಯಾ?

ಅಮೆರಿಕದ ಪಠ್ಯಪುಸ್ತಕಗಳು ಬಿಯುಎನ್ ಎಂಬ ಅಳತೆಯ ಮಾತಾಡುತ್ತವೆ, ಅಂದರೆ ಯೂರಿಯಾದೊಳಗಿನ ಸಾರಜನಕ ಮಾತ್ರ. ನಮ್ಮ ಲ್ಯಾಬ್‌ಗಳಲ್ಲಿ ಹೆಚ್ಚಿನವು ಬರೆಯುವುದು ಇಡೀ ಬ್ಲಡ್ ಯೂರಿಯಾವನ್ನು. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. ಬಿಯುಎನ್ ಮತ್ತು ಕ್ರಿಯಾಟಿನಿನ್ ಅನುಪಾತ 20ಕ್ಕಿಂತ ಹೆಚ್ಚಿದ್ದರೆ ದೇಹ ಒಣಗಿದೆ, ಕಿಡ್ನಿಗೆ ರಕ್ತ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು ಎಂಬ ಸೂತ್ರವನ್ನು ಎಲ್ಲರೂ ಓದಿರುತ್ತಾರೆ. ಅದನ್ನು ಹಾಗೇ ಬ್ಲಡ್ ಯೂರಿಯಾಕ್ಕೆ ಹಾಕಿದರೆ ಎಡವಟ್ಟಾಗುತ್ತದೆ.

ಯೂರಿಯಾ 60, ಕ್ರಿಯಾಟಿನಿನ್ 2.0 ಇರುವ ರಿಪೋರ್ಟ್ ತೆಗೆದುಕೊಳ್ಳಿ. ನೇರವಾಗಿ ಭಾಗಿಸಿದರೆ 30 ಬರುತ್ತದೆ. ನೀರು ಸಾಲದು, ಡ್ರಿಪ್ ಏರಿಸೋಣ ಎನಿಸುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಬಿಯುಎನ್ 28, ಅನುಪಾತ ಕೇವಲ 14. ಪೆಟ್ಟು ಕಿಡ್ನಿಯ ಒಳಗೇ ಬಿದ್ದಿರುವ ಸಾಧ್ಯತೆಯನ್ನು ಅದು ಸೂಚಿಸುತ್ತದೆ. ಆಗ ಮೇಲಿಂದ ಮೇಲೆ ಹರಿಸಿದ ಸಲೈನ್ ಶ್ವಾಸಕೋಶಕ್ಕೆ ಇಳಿದೀತು.

ಕಿಡ್ನಿ ಸರಿಯಾಗಿದ್ದೂ ಯೂರಿಯಾ ಏರುವುದುಂಟು: ಹೊಟ್ಟೆ, ಕರುಳಿನಲ್ಲಿ ರಕ್ತಸ್ರಾವವಾದಾಗ, ಸ್ಟೀರಾಯ್ಡ್ ಕೊಡುತ್ತಿರುವಾಗ. ಯೂರಿಯಾ ಏರಿ ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಹಿಮೋಗ್ಲೋಬಿನ್ ಕಡೆ ಕಣ್ಣು ಹಾಯಿಸಬೇಕು.

ಕೇರಳದಿಂದಲೂ ಮಂಗಳೂರಿನಿಂದಲೂ ಗಲ್ಫ್‌ಗೆ, ಬ್ರಿಟನ್‌ಗೆ ಹೋಗುವ ನರ್ಸ್‌ಗಳಿಗೆ ಅಲ್ಲಿ ಇನ್ನೊಂದು ಮಾನ ಎದುರಾಗುತ್ತದೆ. ಅಂತಾರಾಷ್ಟ್ರೀಯ ಮಾನ ಬಳಸುವ ಲ್ಯಾಬಿನಲ್ಲಿ ನಮ್ಮ 1.0 ಮಿಲಿಗ್ರಾಂ ಕ್ರಿಯಾಟಿನಿನ್ 88 ಮೈಕ್ರೋಮೋಲ್ ಆಗುತ್ತದೆ. ಯೂರಿಯಾವನ್ನು ಸುಮಾರು 6ರಿಂದ ಭಾಗಿಸಬೇಕು. ಊರಿನಿಂದ ಫೋನಿನಲ್ಲಿ ಬಂದ ಅಪ್ಪನ ರಿಪೋರ್ಟನ್ನು ಅಲ್ಲಿ ಓದುವಾಗಲೂ ಇದೇ ಲೆಕ್ಕ.

ಲ್ಯಾಬಿಗಿಂತ ಮೊದಲು ಮಾತಾಡುವ ಚೀಲ

ಕ್ರಿಯಾಟಿನಿನ್ ಏರುವ ಮುಂಚೆಯೇ ಸುಳಿವು ಕೊಡಬಲ್ಲದ್ದು ಮೂತ್ರದ ಚೀಲ. ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ 0.5 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಆರು ಗಂಟೆ ಮುಂದುವರಿದರೆ, ರಕ್ತದ ರಿಪೋರ್ಟ್ ಏನೇ ಹೇಳಲಿ, ಕೆಡಿಗೋ ಪ್ರಕಾರ ಅದು ಮೊದಲ ಹಂತದ ಪೆಟ್ಟು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿ, ಆರು ಗಂಟೆಗೆ 180 ಮಿಲಿ. ಹನ್ನೆರಡು ಗಂಟೆ ಹೀಗೇ ಇದ್ದರೆ ಎರಡನೇ ಹಂತ.

ಇದಕ್ಕೆ ಬೇಕಾದದ್ದು ಗಂಟೆಗಂಟೆಯ ಅಳತೆ. ಪಾಳಿ ಮುಗಿಯುವಾಗ ಒಟ್ಟಾಗಿ 600 ಮಿಲಿ ಎಂದು ಬರೆದರೆ, ಮೊದಲ ಎರಡು ಗಂಟೆಯಲ್ಲಿ 500 ಬಂದು ಆಮೇಲೆ ಬತ್ತಿಹೋದದ್ದು ಚಾರ್ಟಿನಲ್ಲಿ ಕಾಣುವುದೇ ಇಲ್ಲ. ಮೂತ್ರ ಫಕ್ಕನೆ ಪೂರ್ತಿ ನಿಂತರೆ ಮೊದಲು ಕ್ಯಾಥೆಟರ್ ನೋಡಬೇಕು: ಮಡಚಿದೆಯೇ, ರಕ್ತದ ಗಡ್ಡೆ ಸಿಕ್ಕಿಕೊಂಡಿದೆಯೇ, ಹೊಕ್ಕುಳ ಕೆಳಗೆ ಹೊಟ್ಟೆ ಉಬ್ಬಿದೆಯೇ. ಕ್ಯಾಥೆಟರ್ ಇಲ್ಲದ ಹಿರಿಯ ಗಂಡಸರಲ್ಲಿ ಪ್ರಾಸ್ಟೇಟ್ ತಡೆ ಸಾಮಾನ್ಯ ಕಾರಣ.

ಬಣ್ಣವನ್ನೂ ಬರೆದಿಡಬೇಕು. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿ, ಡಿಪ್‌ಸ್ಟಿಕ್ ರಕ್ತ ಇದೆ ಎಂದು ತೋರಿಸಿ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳೇ ಕಾಣದಿದ್ದರೆ ಸ್ನಾಯು ಒಡೆದು ಮಯೊಗ್ಲೋಬಿನ್ ಸೋರುತ್ತಿರಬಹುದು, ಇಲ್ಲವೇ ರಕ್ತನಾಳದೊಳಗೇ ಕೆಂಪು ಕಣಗಳು ಒಡೆಯುತ್ತಿರಬಹುದು. ಅಪಘಾತದಲ್ಲಿ ಜಜ್ಜಿದ ಕಾಲು, ದೀರ್ಘ ಹೊತ್ತು ನಿಲ್ಲದ ಫಿಟ್ಸ್, ಹಾವಿನ ಕಡಿತ ಇವುಗಳಲ್ಲಿ ಇದು ಕಾಣುತ್ತದೆ.

ಪೊಟ್ಯಾಸಿಯಂ: ನಿಜವೋ, ಸಿರಿಂಜಿನ ಸುಳ್ಳೋ

ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5.0. ಅದು 6 ದಾಟಿದರೆ ತಕ್ಷಣ ವೈದ್ಯರಿಗೆ ತಿಳಿಸಿ ಇಸಿಜಿ ತೆಗೆಯಬೇಕು, 6.5 ಮುಟ್ಟಿದರೆ ಹೃದಯ ಯಾವ ಗಳಿಗೆಯಲ್ಲೂ ಲಯ ತಪ್ಪಬಹುದು. ಇಸಿಜಿಯಲ್ಲಿ ಟಿ ಅಲೆ ಗುಡಾರದಂತೆ ಚೂಪಾಗುವುದು, ಕ್ಯೂಆರ್‌ಎಸ್ ಅಗಲವಾಗುವುದು ಎಚ್ಚರಿಕೆಯ ಗುರುತು. ಇಸಿಜಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು. ಹೃದಯವನ್ನು ಕಾಪಾಡಲು ಕ್ಯಾಲ್ಸಿಯಂ ಗ್ಲುಕೊನೇಟ್, ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳಲು ಇನ್ಸುಲಿನ್ ಜೊತೆ ಡೆಕ್ಸ್ಟ್ರೋಸ್ ಎಂಬ ಆದೇಶ ಬಂದೇ ಬರುತ್ತದೆ. ಟ್ರೇ ಸಿದ್ಧವಿದ್ದರೆ ನಿಮಿಷಗಳು ಉಳಿಯುತ್ತವೆ. ಇನ್ಸುಲಿನ್ ಕೊಟ್ಟ ಮೇಲೆ ಹಲವು ಗಂಟೆ ಸಕ್ಕರೆ ಮಟ್ಟ ನೋಡುತ್ತಲೇ ಇರಬೇಕು. ಕಿಡ್ನಿ ಸೋತವರಲ್ಲಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಕೆಲವೊಮ್ಮೆ ಪೊಟ್ಯಾಸಿಯಂ ಏರಿದ್ದು ರೋಗಿಯಲ್ಲಿ ಅಲ್ಲ, ಟ್ಯೂಬಿನಲ್ಲಿ. ಟೂರ್ನಿಕೆಟ್ ಬಹಳ ಹೊತ್ತು ಬಿಗಿದರೆ, ಮುಷ್ಟಿ ಪದೇಪದೇ ಹಿಡಿಸಿದರೆ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬರುತ್ತದೆ. ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಿದರೆ ಕೆಂಪು ಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬೀಳುತ್ತದೆ. ಸ್ಯಾಂಪಲ್ ಫ್ರಿಜ್ಜಿನಲ್ಲಿಟ್ಟು ತಡವಾಗಿ ಕಳಿಸಿದರೂ ಅಷ್ಟೇ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಪೊಟ್ಯಾಸಿಯಂ ಲವಣವೇ ಇರುತ್ತದೆ. ಅದಕ್ಕೆ ಮೊದಲು ರಕ್ತ ಹಾಕಿ ಉಳಿದದ್ದನ್ನು ಬಯೋಕೆಮಿಸ್ಟ್ರಿ ಟ್ಯೂಬಿಗೆ ಸುರಿದರೆ ಪೊಟ್ಯಾಸಿಯಂ ವಿಪರೀತ ಏರಿ, ಕ್ಯಾಲ್ಸಿಯಂ ನಂಬಲಾಗದಷ್ಟು ಇಳಿದ ವಿಚಿತ್ರ ರಿಪೋರ್ಟ್ ಬರುತ್ತದೆ. ಬಯೋಕೆಮಿಸ್ಟ್ರಿ ಟ್ಯೂಬ್ ಮೊದಲು, ನೇರಳೆ ನಂತರ ಎಂಬುದು ಕ್ರಮ. ಡ್ರಿಪ್ ಹೋಗುತ್ತಿರುವ ಕೈಯಿಂದ ರಕ್ತ ತೆಗೆಯಬಾರದು. ಸಂಶಯ ಬಂದರೆ ಹೊಸ ಸ್ಯಾಂಪಲ್ ಕಳಿಸಬೇಕು, ಆದರೆ ಅದರ ಉತ್ತರಕ್ಕೆ ಕಾಯುತ್ತಾ ಇಸಿಜಿಯನ್ನು ಮುಂದೂಡಬಾರದು.

ಕೇರಳದ ಆಸ್ಪತ್ರೆಗಳಲ್ಲಿ ಬೈಸ್ಟ್ಯಾಂಡರ್ ಎಂದು ಕರೆಸಿಕೊಳ್ಳುವ, ರೋಗಿಯ ಜೊತೆಗಿರುವ ಮನೆಯವರಿಗೆ ಹೇಳಲೇಬೇಕಾದ ಮಾತೊಂದಿದೆ. ಸುಸ್ತಾದವರಿಗೆ ಎಳನೀರು ತರುವುದು ಕರಾವಳಿಯ ಪ್ರೀತಿಯ ರೂಢಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅತ್ಯಲ್ಪ. ಮೂತ್ರ ಕಡಿಮೆಯಾಗಿ ಪೊಟ್ಯಾಸಿಯಂ ಏರುತ್ತಿರುವ ರೋಗಿಗೆ ಅದು ಹಾನಿ ಮಾಡಬಲ್ಲದು. ಬಾಳೆಹಣ್ಣು, ಹಣ್ಣಿನ ರಸಗಳ ವಿಷಯದಲ್ಲೂ ಮೊದಲು ನರ್ಸ್ ಅನ್ನು ಕೇಳುವುದು ಒಳ್ಳೆಯದು.

ಕೇರಳದ ಮಣ್ಣು ಕಲಿಸಿದ್ದು

ಕೊಚ್ಚಿಯ ಹತ್ತಿರದ ಅಂಗಮಾಲಿಯ ಲಿಟಲ್ ಫ್ಲವರ್ ಆಸ್ಪತ್ರೆಯ ವೈದ್ಯರು 2007ರಲ್ಲಿ ಪ್ರಕಟಿಸಿದ ವರದಿಯೊಂದು ಹಾವು ಕಡಿತದ ಚಿಕಿತ್ಸೆಯಲ್ಲಿ ಮುಖ್ಯವಾದದ್ದು. ಮೂತಿಯ ತುದಿ ಮೇಲೆದ್ದಿರುವ ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ ಪುಟ್ಟ ಗುಳಿಮಂಡಲ ಪ್ರಾಣಕ್ಕೇ ಅಪಾಯ ತರಬಲ್ಲದು, ಕಿಡ್ನಿ ನಿಲ್ಲಿಸಬಲ್ಲದು ಎಂದು ಭಾರತದಲ್ಲಿ ಖಚಿತವಾಗಿ ದಾಖಲಾದದ್ದು ಆಗ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಾಗಿ ತಯಾರಾಗುವ ನಮ್ಮ ಪ್ರತಿವಿಷ ಇದರ ಮೇಲೆ ಕೆಲಸ ಮಾಡುವುದಿಲ್ಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ಈ ಹಾವು ಕರ್ನಾಟಕದಲ್ಲೂ ಇದೆ.

ಹಾವು ಕಡಿದ ರೋಗಿಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆ ಸರಳ: ಸ್ವಚ್ಛ, ಒಣ, ಹೊಸ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು ಓರೆ ಮಾಡುವುದು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷದ ಗುರುತು. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ಉತ್ತರ ತಪ್ಪುತ್ತದೆ. ಮೊದಲ ದಿನ ಕ್ರಿಯಾಟಿನಿನ್ ಸಾಮಾನ್ಯ ಬಂದಿತೆಂದು ನಿಲ್ಲಿಸದೆ, ಮುಂದಿನ ದಿನಗಳಲ್ಲೂ ರಕ್ತವನ್ನೂ ಮೂತ್ರವನ್ನೂ ನೋಡುತ್ತಿರಬೇಕು.

ಇನ್ನೊಂದು ಪಾಠ ಹಿತ್ತಲಿನದು. ಕರಾವಳಿಯ ಅಡುಗೆಯಲ್ಲಿ ಮೀನುಸಾರಿಗೂ ಉಪ್ಪಿನಕಾಯಿಗೂ ಬಳಸುವ ಬಿಂಬುಳಿ ಕೇರಳದಲ್ಲಿ ಇರುಂಬನ್ ಪುಳಿ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಅದರ ರಸ ತೆಗೆದು ಕುಡಿದ ಹತ್ತು ಮಂದಿಯ ಕಿಡ್ನಿ ಕೆಟ್ಟದ್ದನ್ನು ಕೇರಳದ ಐದು ಆಸ್ಪತ್ರೆಗಳಿಂದ ಕಲೆಹಾಕಿ 2013ರಲ್ಲಿ ವೈದ್ಯರು ಪ್ರಕಟಿಸಿದರು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಆ ರಸದಲ್ಲಿರುವ ಆಕ್ಸಲೇಟ್ ಕಿಡ್ನಿಯ ನಾಳಗಳಲ್ಲಿ ಹರಳುಗಟ್ಟುತ್ತದೆ. ಕಾರಣ ಗೊತ್ತಾಗದೆ ಕ್ರಿಯಾಟಿನಿನ್ ಏರಿದ ರೋಗಿಯನ್ನು ಸೇರಿಸಿಕೊಳ್ಳುವಾಗ ಮಾತ್ರೆಗಳ ಪಟ್ಟಿಯ ಜೊತೆಗೆ ಮನೆಯಲ್ಲಿ ಮಾಡಿದ ರಸ, ಕಷಾಯ, ನೋವಿನ ಮಾತ್ರೆ ಏನಾದರೂ ತೆಗೆದುಕೊಂಡಿರಾ ಎಂದು ಕೇಳುವುದು ಇದೇ ಕಾರಣಕ್ಕೆ. ಗದರುವ ದನಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ.

ದೊಡ್ಡ ಆಸ್ಪತ್ರೆಗಳ ಚಿಕಿತ್ಸೆಯೂ ಕಿಡ್ನಿಗೆ ಭಾರವಾಗಬಹುದು. ತಿರುವನಂತಪುರದಲ್ಲಿ 1981ರಿಂದ ನಡೆಯುತ್ತಿರುವ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಂಥ ಕಡೆ ಸಿಸ್‌ಪ್ಲಾಟಿನ್ ಪಡೆಯುವವರಿಗೆ ಪ್ರತಿ ಸುತ್ತಿಗೆ ಮುಂಚೆ ಕ್ರಿಯಾಟಿನಿನ್ ಬೇಕು. ಜೊತೆಗೆ ಮೆಗ್ನೀಸಿಯಂ, ಪೊಟ್ಯಾಸಿಯಂ ಇಳಿದಿದೆಯೇ ಎಂದು ನೋಡಬೇಕು. ಎರ್ನಾಕುಲಂ ಜನರಲ್ ಆಸ್ಪತ್ರೆ 2023ರಲ್ಲಿ ಕಿಡ್ನಿ ಕಸಿ ನಡೆಸಿ, ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲೂ ಅದು ಸಾಧ್ಯ ಎಂದು ತೋರಿಸಿತು. ಕಸಿಯಾದವರಲ್ಲಿ ಕ್ರಿಯಾಟಿನಿನ್ ಸ್ವಲ್ಪವೇ ಏರಿದರೂ ಅದೇ ದಿನ ತಿಳಿಸಬೇಕು. ಟಾಕ್ರೊಲಿಮಸ್ ಮಟ್ಟ ನೋಡಲು ರಕ್ತ ತೆಗೆಯುವುದು ಬೆಳಗಿನ ಮಾತ್ರೆಗೆ ಮುಂಚೆ. ಮಾತ್ರೆ ನುಂಗಿದ ಮೇಲೆ ತೆಗೆದರೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ.

ಫೋನ್ ಮಾಡುವಾಗ ಹೇಳಬೇಕಾದದ್ದು

ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ "ಕ್ರಿಯಾಟಿನಿನ್ 1.2 ಇದೆ" ಎಂದಷ್ಟೇ ಹೇಳಿದರೆ "ಸರಿ, ಬೆಳಿಗ್ಗೆ ನೋಡೋಣ" ಎಂಬ ಉತ್ತರ ಬರಬಹುದು. ಹೀಗೆ ಹೇಳಿದರೆ ಬೇರೆಯೇ ಪರಿಣಾಮ: "ಡಾಕ್ಟರ್, 7ನೇ ಬೆಡ್, 62 ವರ್ಷ, 60 ಕಿಲೋ, ಮೂತ್ರದ ಸೋಂಕಿಗೆ ಸೇರಿದವರು. ಕ್ರಿಯಾಟಿನಿನ್ ನಿನ್ನೆ 0.8, ಇವತ್ತು 1.2. ಆರು ಗಂಟೆಯಲ್ಲಿ ಮೂತ್ರ 150 ಮಿಲಿ, ಕ್ಯಾಥೆಟರ್ ಸರಿಯಿದೆ. ಬಿಪಿ 96/60, ಪೊಟ್ಯಾಸಿಯಂ 5.4. ಮುಂದಿನ ಅಮಿಕಾಸಿನ್ ಡೋಸ್ ಬೆಳಿಗ್ಗೆ ಆರಕ್ಕೆ ಇದೆ, ಕೊಡಲೇ, ತಡೆಯಲೇ?"

ಕೊನೆಯ ಆ ಪ್ರಶ್ನೆ ಕಿಡ್ನಿ ಉಳಿಸಬಲ್ಲದು. ಅಮಿಕಾಸಿನ್, ಜೆಂಟಾಮೈಸಿನ್, ವ್ಯಾಂಕೊಮೈಸಿನ್, ಡೈಕ್ಲೋಫೆನಾಕ್‌ನಂಥ ನೋವಿನ ಔಷಧ, ಬಿಪಿಗೆ ಕೊಡುವ ಎನಾಲಪ್ರಿಲ್, ಟೆಲ್ಮಿಸಾರ್ಟನ್, ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ — ಕ್ರಿಯಾಟಿನಿನ್ ಏರುತ್ತಿರುವಾಗ ಇವುಗಳ ಹೆಸರು ಚಾರ್ಟಿನಲ್ಲಿ ಕಂಡರೆ ಕೊಡುವ ಮುನ್ನ ಕೇಳಬೇಕು. ಕಾಂಟ್ರಾಸ್ಟ್ ಹಾಕುವ ಸಿಟಿ ಸ್ಕ್ಯಾನ್ ಇದ್ದರೂ ಹಾಗೆಯೇ. ಇಲಿಜ್ವರದಲ್ಲಿ ಪೊಟ್ಯಾಸಿಯಂ ತುಂಬಿಕೊಡುವ ಆದೇಶ ಬಂದರೆ ಮೂತ್ರ ಹೋಗುತ್ತಿದೆಯೇ ಎಂದು ಖಚಿತಪಡಿಸಿಕೊಂಡು, ತೆಳುಗೊಳಿಸಿ, ನಿಧಾನವಾಗಿ ಕೊಡಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ.

ಪ್ಲಾಸ್ಟಿಕ್ ಚೀಲದಲ್ಲಿರುವ ಹಳೆಯ ರಿಪೋರ್ಟ್

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ, ತುಳು ಮಾತಾಡುವ ಕುಟುಂಬಗಳು ಚಿಕಿತ್ಸೆಗೆ ಬಹುಕಾಲದಿಂದ ನೆಚ್ಚಿಕೊಂಡದ್ದು ಮಂಗಳೂರನ್ನು. ಹೃದಯದ ಶಸ್ತ್ರಚಿಕಿತ್ಸೆಗೋ ಕ್ಯಾನ್ಸರ್ ಚಿಕಿತ್ಸೆಗೋ ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ, ಇಲ್ಲವೇ ಕೊಚ್ಚಿಗೆ ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಅವರ ಹಿಂದಿನ ಯಾವ ಸಂಖ್ಯೆಯೂ ಇರುವುದಿಲ್ಲ. ಕ್ರಿಯಾಟಿನಿನ್ 1.8 ಎಂದು ಬಂದರೆ ಅದು ಈ ವಾರ ಬಿದ್ದ ಪೆಟ್ಟೋ, ಐದು ವರ್ಷದಿಂದ ಇರುವ ಹಳೆಯ ಕಾಯಿಲೆಯೋ ಎಂಬ ಪ್ರಶ್ನೆಗೆ ಉತ್ತರ, ಮನೆಯವರ ಪ್ಲಾಸ್ಟಿಕ್ ಚೀಲದಲ್ಲಿ ಮಂಗಳೂರಿನ ಲ್ಯಾಬೊಂದರ ಹಳೆಯ ಹಾಳೆಯಾಗಿ ಬಿದ್ದಿರಬಹುದು. ಸೇರಿಸಿಕೊಳ್ಳುವ ನರ್ಸ್ ಅದನ್ನು ಕೇಳಿ ಪಡೆದು, ತಾರೀಖಿನ ಸಮೇತ ಕೇಸ್‌ಶೀಟಿನ ಮೊದಲ ಪುಟದಲ್ಲೇ ಬರೆಯಬೇಕು. ಹಳೆಯದು ಏನೂ ಸಿಗದಿದ್ದರೆ ಸೇರಿದ ದಿನದ ಸಂಖ್ಯೆಯನ್ನೇ ಆಧಾರವಾಗಿಟ್ಟು ಮರುದಿನ ಮತ್ತೆ ನೋಡಬೇಕು.

ಮನೆಯವರೂ ಒಂದು ಕೆಲಸ ಮಾಡಬಹುದು: ಕ್ರಿಯಾಟಿನಿನ್, ಯೂರಿಯಾ, ಪೊಟ್ಯಾಸಿಯಂ ಮೂರನ್ನೂ ತಾರೀಖಿನೊಂದಿಗೆ ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಿಟ್ಟು, ಪ್ರತಿ ರಿಪೋರ್ಟಿನ ಫೋಟೋ ಫೋನಿನಲ್ಲಿ ಉಳಿಸಿಕೊಳ್ಳುವುದು.

ಬಿಡುಗಡೆಯಾಗುವ ದಿನ ಡಿಸ್ಚಾರ್ಜ್ ಹಾಳೆಯಲ್ಲಿ ಆವತ್ತಿನ ಕ್ರಿಯಾಟಿನಿನ್ ಬರೆದಿದೆಯೇ, ನಿಲ್ಲಿಸಿದ ಮಾತ್ರೆಗಳಲ್ಲಿ ಯಾವುದನ್ನು ಯಾವಾಗ ಮತ್ತೆ ಶುರು ಮಾಡಬೇಕೆಂದು ಇದೆಯೇ ಎಂದು ನರ್ಸ್ ಮತ್ತು ಮನೆಯವರು ಒಟ್ಟಿಗೆ ಕುಳಿತು ನೋಡಬೇಕು. ಕಿಡ್ನಿಗೆ ಪೆಟ್ಟು ಬಿದ್ದವರನ್ನು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕೆಂದು ಕೆಡಿಗೋ ಹೇಳುತ್ತದೆ. ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಆಗ ಬೇಕು. ಅದಕ್ಕಾಗಿ ತಿರುವನಂತಪುರದವರೆಗೆ ಮತ್ತೆ ಪ್ರಯಾಣ ಮಾಡಬೇಕಿಲ್ಲ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಮಾಡಿಸಿ, ಡಿಸ್ಚಾರ್ಜ್ ಹಾಳೆಯನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿದರೆ ಸಾಕು. ಅಲ್ಲಿಯವರೆಗೆ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿ ತಂದು ನುಂಗಬಾರದು. ವಾಂತಿಭೇದಿಯಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿಕೊಂಡರೆ ಮೂರು ತಿಂಗಳು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.